ಹಳೇ ಓಣಿಯಲ್ಲಿ ಮನೆ ಕೊಳ್ಳುವವರಿಗೆ: ಹುಬ್ಬಳ್ಳಿ-ಧಾರವಾಡದಲ್ಲಿ ಏನೇನು ನೋಡಬೇಕು

"ಘಂಟಿಕೇರಿಯಲ್ಲಿ ಒಂದು ಹಳೇ ಮನೆ ಬಂದಿದೆ, ತಗೋಬಹುದಾ?" "ಹೊಸ ಯಲ್ಲಾಪುರದಲ್ಲಿ ಮಾಳಿಗೆ ಮನೆ ಇದೆ, ಬೆಲೆ ಕಡಿಮೆ ಹೇಳುತ್ತಿದ್ದಾರೆ, ಏನಾದರೂ ತೊಡಕು ಇರಬಹುದಾ?" ಈ ಎರಡು ಪ್ರಶ್ನೆಗಳನ್ನು ನನಗೆ ಕೇಳದ ವಾರವೇ ಇಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟು ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೊಸ ಬಡಾವಣೆಯ ಸೈಟಿಗೆ ಒಬ್ಬರೋ ಇಬ್ಬರೋ ಮಾಲೀಕರು ಇರುತ್ತಾರೆ. ಹಳೇ ಓಣಿಯ ಮನೆ ಹಾಗಲ್ಲ. ಅದರಲ್ಲಿ ಅಜ್ಜನ ಐದು ಮಕ್ಕಳ ಪಾಲು ಇರಬಹುದು. ಒಂದು ಗೋಡೆ ಪಕ್ಕದ ಮನೆಯವರದ್ದೂ ಆಗಿರಬಹುದು. ಹಿತ್ತಲಿನ ಸಂದಿಯಲ್ಲಿ ಮೂರು ಮನೆಯವರು ಓಡಾಡುತ್ತಿರಬಹುದು. ಇವರೆಲ್ಲ ಯಾರು ಅಂತ ಗೊತ್ತಾಗುವ ತನಕ ಒಂದು ರೂಪಾಯಿ ಸಂಚಕಾರವನ್ನೂ ಕೊಡಬೇಡಿ. ಸಂಚಕಾರ ಅಂದರೆ ವ್ಯವಹಾರ ಗಟ್ಟಿ ಮಾಡಲು ಕೊಡುವ ಮುಂಗಡ ಹಣ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಹಂತ 1: ಮನೆಗಿಂತ ಮೊದಲು ಓಣಿ ನೋಡಿ

ಕೊಂಡ ಮೇಲೆ ಮನೆ ರಿಪೇರಿ ಮಾಡಬಹುದು, ಓಣಿ ರಿಪೇರಿ ಮಾಡಲು ಆಗುವುದಿಲ್ಲ. ಕನಿಷ್ಠ ನಾಲ್ಕು ಸಲ ಹೋಗಿ: ಬೆಳಿಗ್ಗೆ ನಳ ಬರುವ ಹೊತ್ತಿಗೆ, ಮಧ್ಯಾಹ್ನ, ರಾತ್ರಿ ಹತ್ತರ ಮೇಲೆ, ಮತ್ತು ಒಂದು ಜೋರು ಮಳೆ ಬಿದ್ದ ದಿನ. ದುರ್ಗದ ಬೈಲಿನ ಸುತ್ತಮುತ್ತ, ದಾಜಿಬಾನ ಪೇಟೆ ಕಡೆ ಆದರೆ ಸಂತೆ ಗದ್ದಲದ ದಿನವೂ ಒಮ್ಮೆ ನೋಡಿ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ರಂಗಪಂಚಮಿಗೆ. ಆ ದಿನ ಓಣಿ ಹೇಗಿರುತ್ತದೆ, ಗಣಪತಿ ಪೆಂಡಾಲ್ ಎಲ್ಲಿ ಹಾಕುತ್ತಾರೆ ಅಂತ ಕೇಳಿಕೊಳ್ಳಿ. ನಿಮಗೆ ಅದು ಸಡಗರ ಅನಿಸಿದರೆ ಒಳ್ಳೆಯದು. ಕಿರಿಕಿರಿ ಅನಿಸಿದರೆ ಈಗಲೇ ಬಿಟ್ಟುಬಿಡಿ. ಓಣಿಯ ಜನ ನಿಮಗಾಗಿ ಹಬ್ಬ ಬಿಡುವುದಿಲ್ಲ, ಬಿಡಲೂಬಾರದು.

ಒಂದು ಟೇಪು ಒಯ್ಯಿರಿ. ಓಣಿಯ ಬಾಯಿಯಿಂದ ಮನೆ ಬಾಗಿಲ ತನಕ ಎಲ್ಲಿ ಅತಿ ಕಿರಿದಾಗಿದೆಯೋ ಅಲ್ಲಿ ಅಳೆಯಿರಿ. ಆಂಬುಲೆನ್ಸ್ ಬರುತ್ತದಾ, ಉಸುಕಿನ ಟ್ರ್ಯಾಕ್ಟರ್ ಬರುತ್ತದಾ? ಬರದಿದ್ದರೆ ಉಸುಕು, ಇಟ್ಟಂಗಿ, ಸಿಮೆಂಟು ಎಲ್ಲವನ್ನೂ ಓಣಿಯ ಬಾಯಿಂದ ಆಳುಗಳೇ ಹೊರಬೇಕು. ಒಡೆದ ಮಣ್ಣನ್ನೂ ಹಾಗೇ ಹೊರಗೆ ಹಾಕಬೇಕು. ಈ ಹೊರೆ ಕೂಲಿಯನ್ನು ಅಂದಾಜಿಗೆ ಸೇರಿಸದೆ ಕೈ ಸುಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ನೀರಿನ ವಿಷಯ. ಅವಳಿ ನಗರಕ್ಕೆ ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ. ಹುಬ್ಬಳ್ಳಿಗೆ ಕಲಘಟಗಿ ತಾಲೂಕಿನ ನೀರಸಾಗರದ ನೀರೂ ಇದೆ. 24x7 ನೀರಿನ ಯೋಜನೆ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಶುರುವಾಯಿತು. ಆದರೆ ಎಲ್ಲ ಓಣಿಗೂ ಅದು ಮುಟ್ಟಿಲ್ಲ. ಹಾಗಾಗಿ ಮಾರುವವರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ: "ಎಷ್ಟು ದಿವಸಕ್ಕೊಮ್ಮೆ ನಳ ಬರತೈತ್ರಿ?" ಉತ್ತರ ಏನೇ ಬರಲಿ, ಅಷ್ಟು ದಿನದ ನೀರು ತುಂಬಿಡಲು ಟಾಕಿಗೆ ಜಾಗ ಇದೆಯಾ ನೋಡಿ. ಹಳೇ ಮನೆಯ ಮಾಳಿಗೆ (ಮಣ್ಣಿನ ಛಾವಣಿ) ಮೇಲೆ ಸಾವಿರ ಲೀಟರಿನ ಟಾಕಿ ಇಡುವುದು ಅಂದರೆ ಒಂದು ಟನ್ ಭಾರ ಹೇರಿದ ಹಾಗೆ. ಅದನ್ನು ತೊಲೆ ತಡೆಯುವುದಿಲ್ಲ. ನೆಲದಲ್ಲೇ ಜಾಗ ಬೇಕು.

ಹಂತ 2: ಸಿಟಿಎಸ್ ಉತಾರ ತೆಗೆಸಿ

ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದು ಹೊಸದು. ಧಾರವಾಡ ಜಿಲ್ಲೆ 1956ರ ತನಕ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಆಡಳಿತದ ಸಿಟಿ ಸರ್ವೇ ಪದ್ಧತಿ ನಮ್ಮಲ್ಲಿ ಇಂದಿಗೂ ಉಳಿದಿದೆ. ಹಳೇ ಊರಿನ ಪ್ರತಿ ಮನೆಗೂ ಒಂದು ಸಿಟಿಎಸ್ ನಂಬರ್ ಇದೆ. ಆ ನಂಬರಿನ ದಾಖಲೆಯನ್ನು ಪ್ರಾಪರ್ಟಿ ಕಾರ್ಡ್ ಅನ್ನುತ್ತಾರೆ. ಜನರ ಬಾಯಲ್ಲಿ ಅದು ಸಿಟಿಎಸ್ ಉತಾರ. ಸಿಟಿ ಸರ್ವೇ ಕಚೇರಿಯಲ್ಲಿ ಸಿಗುತ್ತದೆ. ಮಾರುವವರು ತೋರಿಸುವ ಹಳೇ ಝೆರಾಕ್ಸ್ ನಂಬಬೇಡಿ. ನೀವೇ ಅರ್ಜಿ ಹಾಕಿ ಈ ತಿಂಗಳಿನ ಉತಾರ ತೆಗೆಸಿ. ಜೊತೆಗೆ ಆ ನಂಬರಿನ ನಕಾಶೆಯನ್ನೂ ಕೇಳಿ ಪಡೆಯಿರಿ.

ಉತಾರದಲ್ಲಿ ಮೂರು ಕಡೆ ಕಣ್ಣಿಡಿ. ಮೊದಲನೆಯದು ಹಿಡುವಳಿ ರೀತಿ. ಜಾಗ ಸ್ವಂತದ್ದೋ, ಸರ್ಕಾರದ ಅಥವಾ ಪಾಲಿಕೆಯ ಲೀಸ್ ಜಾಗವೋ, ಮಠ, ದೇವಸ್ಥಾನ ಅಥವಾ ವಕ್ಫ್ ಹೆಸರು ಎಲ್ಲಾದರೂ ಬರುತ್ತದೆಯೋ? ಬಂದರೆ ಅಲ್ಲಿಗೇ ನಿಲ್ಲಿಸಿ, ವಕೀಲರ ಹತ್ತಿರ ಹೋಗಿ. ಎರಡನೆಯದು ಹೆಸರುಗಳು ಬದಲಾದ ಸಾಲು. ಯಾವ ವರ್ಷ, ಯಾವ ಕಾರಣಕ್ಕೆ ಯಾರ ಹೆಸರು ಏರಿತು ಅಂತ ಅಲ್ಲಿ ಬರೆದಿರುತ್ತದೆ: ಖರೀದಿ, ವಾರಸಾ, ವಾಟ್ನಿ, ಬಕ್ಷೀಸು. ವಾರಸಾ ಅಂದರೆ ಸತ್ತವರ ಆಸ್ತಿ ಮಕ್ಕಳ ಹೆಸರಿಗೆ ಬರುವುದು. ವಾಟ್ನಿ ಅಂದರೆ ಪಾಲು ಹಂಚಿಕೊಳ್ಳುವುದು. ಬಕ್ಷೀಸು ಅಂದರೆ ದಾನವಾಗಿ ಕೊಡುವುದು. ಮೂರನೆಯದು ಬೋಜಾ, ಅಂದರೆ ಆಸ್ತಿಯ ಮೇಲಿನ ಸಾಲ. ಸೊಸೈಟಿಯ ಸಾಲ ಎಂದೋ ತೀರಿದ್ದರೂ ಬೋಜಾ ಹಾಗೇ ಉಳಿದಿರುವುದು ಬಹಳ ಮಾಮೂಲು. ಅದನ್ನು ಮಾರುವವರೇ ಉತಾರದಿಂದ ತೆಗೆಸಿಕೊಡಬೇಕು.

ಅಳತೆಯಲ್ಲಿ ಮೋಸ ಹೋಗಬೇಡಿ. ಹಳೇ ಪತ್ರಗಳಲ್ಲಿ ಚೌರಸ ಯಾರ್ಡ್ ಇರುತ್ತದೆ, ಈಗಿನ ಉತಾರದಲ್ಲಿ ಚದರ ಮೀಟರ್, ದಲ್ಲಾಳಿ ಬಾಯಲ್ಲಿ ಚದರ ಫೂಟು. ಒಂದು ಚೌರಸ ಯಾರ್ಡ್ ಅಂದರೆ 9 ಚದರ ಫೂಟು. ಒಂದು ಚದರ ಮೀಟರ್ ಅಂದರೆ 10.76 ಚದರ ಫೂಟು. ಉತಾರದಲ್ಲಿ 62.7 ಚದರ ಮೀಟರ್ ಇದ್ದರೆ ಅದು 75 ಯಾರ್ಡ್, ಅಂದರೆ 675 ಚದರ ಫೂಟು. ನೀವೇ ಟೇಪು ಹಿಡಿದು ಅಳೆದಾಗ 750 ಬಂತೆನ್ನಿ. ಖುಷಿ ಪಡಬೇಡಿ. ಹೆಚ್ಚಿಗೆ ಬಂದ 75 ಫೂಟು ಪಕ್ಕದವರದ್ದೋ ಪಾಲಿಕೆಯ ಗಟಾರದ್ದೋ ಆಗಿರುತ್ತದೆ. ಉತಾರದಲ್ಲಿ ಇದ್ದಷ್ಟಕ್ಕೇ ದುಡ್ಡು ಕೊಡಿ.

ಉತಾರದ ಜೊತೆಗೆ ಪಾಲಿಕೆಯ ಇ-ಖಾತಾ ಬೇಕು. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಉತಾರದಲ್ಲಿ ಅಜ್ಜನ ಹೆಸರು, ಖಾತಾದಲ್ಲಿ ಹಿರಿಮಗನ ಹೆಸರು, ಕರೆಂಟ್ ಬಿಲ್ಲಿನಲ್ಲಿ ಸತ್ತುಹೋದ ಚಿಕ್ಕಪ್ಪನ ಹೆಸರು ಇರುವುದು ಹಳೇ ಓಣಿಗಳಲ್ಲಿ ಸಾಮಾನ್ಯ. ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹೊಂದಿಸುವ ಕೆಲಸ ಮಾರುವವರದ್ದು. "ಆಮೇಲೆ ಮಾಡಿಸ್ಕೊಳ್ರಿ, ಏನ ದೊಡ್ಡ ಕೆಲಸಲ್ಲ" ಅಂದರೆ ಒಪ್ಪಬೇಡಿ.

ಹಂತ 3: ವಾರಸುದಾರರನ್ನು ಒಬ್ಬೊಬ್ಬರಾಗಿ ಎಣಿಸಿ

ನನಗೆ ಬರುವ ಕಷ್ಟದ ಕಥೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಂದು ದೊಡ್ಡ ಹಾಳೆ ತಗೊಳ್ಳಿ. ಉತಾರದಲ್ಲಿ ಎಲ್ಲಕ್ಕಿಂತ ಹಳೇ ಹೆಸರು ಯಾರದ್ದೋ ಅವರನ್ನು ಮೇಲೆ ಬರೆಯಿರಿ. ಕೆಳಗೆ ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಹೋದವರಿದ್ದರೆ ಅವರ ಹೆಂಡತಿ ಮಕ್ಕಳು, ಎಲ್ಲರನ್ನೂ ಬರೆಯಿರಿ. ಮಾರುವವರು ಕೊಡುವ ವಂಶಾವಳಿಯನ್ನು ಇದರ ಜೊತೆ ಹೋಲಿಸಿ. ಆಮೇಲೆ ಓಣಿಯ ಹಿರಿಯರೊಬ್ಬರ ಹತ್ತಿರ ಕಟ್ಟೆಯ ಮೇಲೆ ಕೂತು ಸುಮ್ನೆ ಮಾತಾಡಿ. "ಇವರ ಅಕ್ಕನ್ನ ಎಲ್ಲಿ ಕೊಟ್ಟಾರ್ರಿ?" ಅಂತ ಕೇಳಿದರೆ ಸಾಕು, ಸೊಲ್ಲಾಪುರಕ್ಕೆ ಕೊಟ್ಟ ಅಕ್ಕ, ಚಿಕ್ಕಂದಿನಲ್ಲೇ ಬೇರೆ ಮನೆಗೆ ದತ್ತು ಹೋದ ತಮ್ಮ, ಇಬ್ಬರೂ ಹೊರಗೆ ಬರುತ್ತಾರೆ. ಕಾಗದದಲ್ಲಿ ಇಲ್ಲದ ಹೆಸರುಗಳು ಕಟ್ಟೆಯ ಮೇಲೆ ಸಿಗುತ್ತವೆ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ಕಡೆ ಇನ್ನೂ ಒಂದು ಮಾತು ಓಡುತ್ತದೆ: "ಲಗ್ನದಾಗ ಬಂಗಾರ ಹಾಕಿ ಕಳಿಸೇವ್ರಿ, ಆಕೀದೇನ ಹಕ್ಕಿಲ್ಲ." ಇದು ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. 2005ರಲ್ಲಿ ತಂದೆ ಬದುಕಿರಬೇಕಿತ್ತಾ ಅನ್ನುವ ಗೊಂದಲ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನೂ ಬಿಡಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕು ಅಂತೇನೂ ಇಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿ ಅಥವಾ ಖರೀದಿ ಇದ್ದರೆ ಮಾತು ಬೇರೆ. ಕಾಯ್ದೆ ಬದಿಗಿಡೋಣ. ಆ ಅಕ್ಕನೂ ಆ ಪಡಸಾಲಿಯಲ್ಲೇ ಆಡಿ ಬೆಳೆದವರು ಅಲ್ವಾ? ಅವರಿಗೆ ಗೊತ್ತಿಲ್ಲದಂತೆ ಆ ಮನೆ ಕೊಂಡು ನೆಮ್ಮದಿಯಿಂದ ಇರಲು ಆಗುವುದಿಲ್ಲ.

ಹಾಗಾಗಿ ಎರಡರಲ್ಲೊಂದು ಆಗಲೇಬೇಕು. ಒಂದೋ ಎಲ್ಲ ವಾರಸುದಾರರೂ ಖರೀದಿ ಪತ್ರಕ್ಕೆ ಮಾರುವವರಾಗಿ ಸಹಿ ಹಾಕಬೇಕು. ಇಲ್ಲವೇ ತಮ್ಮ ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಕೊಟ್ಟಿರಬೇಕು. ಬಿಳಿ ಹಾಳೆಯ ಒಪ್ಪಿಗೆ, ಇ-ಸ್ಟ್ಯಾಂಪ್ ಹಾಳೆಯ ಮೇಲಿನ ನೋಟರಿ ಸಹಿ, ವಾಟ್ಸಾಪಿನ "ಓಕೆ", ಇವು ಯಾವುವೂ ನಡೆಯುವುದಿಲ್ಲ. ವಾರಸುದಾರರಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದರೆ ಅವರ ಪಾಲು ಮಾರಲು ಕೋರ್ಟಿನ ಅನುಮತಿ ಬೇಕಾಗಬಹುದು. ಅದನ್ನು ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಮುಸ್ಲಿಂ ಕುಟುಂಬದ ಮನೆಯಾದರೆ ಲೆಕ್ಕ ಬೇರೆ. ಅಲ್ಲಿ ಹುಟ್ಟಿನಿಂದ ಹಕ್ಕು ಬರುವುದಿಲ್ಲ, ತಂದೆ ತೀರಿದ ಮೇಲೆ ಗೊತ್ತುಪಡಿಸಿದ ಪಾಲು ಬರುತ್ತದೆ. ಹೆಂಡತಿ, ತಾಯಿ, ಹೆಣ್ಣುಮಕ್ಕಳು ಎಲ್ಲರಿಗೂ ಪಾಲುಂಟು. ಹಿಬಾ, ಅಂದರೆ ದಾನ, ಬಾಯಿಮಾತಿನಲ್ಲೂ ಆಗಿರಬಹುದು. ಆಗ ಅದು ನಿಜಕ್ಕೂ ಆಗಿದೆ, ಕಬ್ಜಾ (ಸ್ವಾಧೀನ) ಕೊಟ್ಟಿದ್ದಾರೆ ಅನ್ನುವುದಕ್ಕೆ ಪುರಾವೆ ಏನಿದೆ ಅಂತ ನೋಡಬೇಕು. ಇಲ್ಲಿಯೂ ಸುಲಭ ದಾರಿ ಒಂದೇ: ಎಲ್ಲರ ಸಹಿ.

ಇನ್ನೊಂದು ಹಳ್ಳ ಇದೆ. ನಮ್ಮ ಕಡೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಕಚೇರಿಗೆ ವರದಿ ಕೊಟ್ಟು ಹೆಸರು ಏರಿಸಿಕೊಳ್ಳುವ ರೂಢಿ ಬಹಳ ವರ್ಷದಿಂದ ಇದೆ. ಇದನ್ನು "ವರ್ದಿ" ಅನ್ನುತ್ತಾರೆ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಅದು ಬರುವುದು ಅದರ ಹಿಂದಿನ ಪತ್ರದಿಂದ. ಆ ಪತ್ರ ಎಲ್ಲಿ ಅಂತ ಕೇಳಿ. ತುಂಬ ಹಳೇ ಕಾಗದಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇರಬಹುದು. ಓದಲು ಬರುವುದಿಲ್ಲ ಅಂತ ಬದಿಗಿಡಬೇಡಿ, ಬಲ್ಲವರಿಂದ ಓದಿಸಿ ಕನ್ನಡದಲ್ಲಿ ಬರೆಸಿಕೊಳ್ಳಿ.

ಮಾರುವವರು ಬರದೆ ವಟಮುಖತ್ಯಾರ ಪತ್ರ (ನನ್ನ ಪರವಾಗಿ ವ್ಯವಹಾರ ಮಾಡು ಅಂತ ಕೊಡುವ ಅಧಿಕಾರ ಪತ್ರ) ಹಿಡಿದು ಬೇರೆಯವರು ಬಂದರೆ, ಆ ಪತ್ರ ನೋಂದಣಿಯಾಗಿದೆಯಾ, ಬರೆದುಕೊಟ್ಟವರು ಬದುಕಿದ್ದಾರಾ ನೋಡಿ. ಸಾಧ್ಯವಾದರೆ ವಿಡಿಯೊ ಕಾಲ್ ಮಾಡಿ ಅವರ ಜೊತೆಗೇ ಮಾತಾಡಿ. ಮುಖತ್ಯಾರ ಪತ್ರದ ಮೇಲೇ "ಮಾರಾಟ" ಮಾಡಿ ಕೈ ತೊಳೆದುಕೊಳ್ಳುವುದು ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹಂತ 4: ಇಸಿ, ಕೋರ್ಟು, ಬಾಡಿಗೆದಾರರು

ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿಯ ಮೇಲೆ ನೋಂದಣಿಯಾದ ಖರೀದಿ, ಅಡವು, ದಾನ ಎಲ್ಲದರ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಪುಸ್ತಕ ಹುಡುಕಿಸಬೇಕು. ಹಳೇ ಮನೆಗೆ ಕನಿಷ್ಠ 30 ವರ್ಷದ್ದು ಬೇಕು. ಸಿಟಿಎಸ್ ನಂಬರ್ ಮೇಲೂ ಪಾಲಿಕೆಯ ಮನೆ ನಂಬರ್ ಮೇಲೂ ಹುಡುಕಿಸಿ, ಯಾಕೆಂದರೆ ಹಳೇ ಪತ್ರದಲ್ಲಿ ಯಾವ ನಂಬರ್ ಬರೆದಿದ್ದಾರೋ ಹೇಳಲು ಬರುವುದಿಲ್ಲ.

ನೋಂದಣಿಯಾಗದ ಸಾಲ ಇಸಿಯಲ್ಲಿ ಕಾಣುವುದಿಲ್ಲ. ಮೂಲ ಪತ್ರ ಅಡವಿಟ್ಟು ಸಾಲ ತೆಗೆದಿರಬಹುದು. ಅದಕ್ಕೇ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. "ಕಳೆದು ಹೋಗ್ಯಾವ" ಅಂದರೆ ಪೊಲೀಸ್ ದೂರು, ಪತ್ರಿಕೆ ಪ್ರಕಟಣೆ ಎಲ್ಲ ಆಗಿದೆಯಾ ಕೇಳಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಕುಟುಂಬದ ಪ್ರತಿಯೊಬ್ಬರ ಹೆಸರು ಹಾಕಿ ದಾವೆ ಇದೆಯಾ ಹುಡುಕಿ. ದಾವೆ ನಡೆಯುವಾಗ ಕೊಂಡರೆ ಕೋರ್ಟಿನ ತೀರ್ಪು ನಿಮಗೂ ತಗಲುತ್ತದೆ, ನಿಮಗೆ ಗೊತ್ತಿರಲಿಲ್ಲ ಅನ್ನುವುದು ನಡೆಯುವುದಿಲ್ಲ. ಆಮೇಲೆ ವಕೀಲರ ಮೂಲಕ ಇಲ್ಲಿನ ಜನ ಓದುವ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರಿಗೆ ಹದಿನೈದು ದಿನ ಬಿಡಿ.

ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಡೆ ಹಳೇ ಬಾಡಿಗೆದಾರರು ಇರುತ್ತಾರೆ. "ಖರೀದಿ ಆದ ಮ್ಯಾಲೆ ಬಿಡಸ್ತೇವ್ರಿ" ಅನ್ನುವ ಮಾತಿಗೆ ಕಿವಿಗೊಡಬೇಡಿ. ಖಾಲಿ ಮಾಡಿಸಿ, ಕೀಲಿ ನಿಮ್ಮ ಕೈಗೆ ಕೊಟ್ಟ ದಿನವೇ ಖರೀದಿ.

ಹಂತ 5: ಗೋಡೆ, ತೊಲೆ, ಮಾಳಿಗೆ

ಒಬ್ಬ ಇಂಜಿನಿಯರ್ ಬೇಕು, ನಿಜ. ಅವರ ಜೊತೆಗೆ ಹಳೇ ಕೆಲಸ ಬಲ್ಲ ಗೌಂಡಿ ಒಬ್ಬರು, ಬಡಿಗೇರರು ಒಬ್ಬರು ಕಡ್ಡಾಯ ಬೇಕು. ಕಾಂಕ್ರೀಟ್ ಮಾತ್ರ ಬಲ್ಲವರು ಮಣ್ಣಿನ ಮನೆ ನೋಡಿದ ಕೂಡಲೇ "ಕೆಡವಿಬಿಡಿ" ಅನ್ನುತ್ತಾರೆ. ಎಲ್ಲ ಹಳೇ ಮನೆಯೂ ಕೆಡವುವಂಥದ್ದಲ್ಲ. ಎರಡೂವರೆ ಫೂಟು ದಪ್ಪದ ಗೋಡೆ ಏಪ್ರಿಲ್ ತಿಂಗಳಲ್ಲಿ ಕೊಡುವ ತಂಪನ್ನು ಆರಿಂಚಿನ ಬ್ಲಾಕ್ ಗೋಡೆ ಕೊಡಲಾರದು.

ನಮ್ಮ ಮಾಳಿಗೆ ಮನೆಯ ರಚನೆ ಹೀಗೆ: ಗೋಡೆ ಮತ್ತು ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಬಿದಿರು, ಅದರ ಮೇಲೆ ಮಣ್ಣು. ಮೇಲೆ ಸವಳು ಮಣ್ಣು ಹರಡುತ್ತಿದ್ದರು, ಅದು ನೀರು ಇಳಿಯಲು ಬಿಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಇದನ್ನು ನೋಡಿಕೊಳ್ಳುತ್ತಿದ್ದ ಕೈಗಳು ಹೋದ ಮೇಲೆ ಮನೆ ಸೋರಲು ಶುರುವಾಗುತ್ತದೆ.

ತೊಲೆ ಮೊದಲು ಕೊಳೆಯುವುದು ನಡುವಿನಲ್ಲಿ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಏಣಿ ಹಾಕಿ ಹತ್ತಿ. ಗೋಡೆಗೆ ತಾಗಿದ ಕಡೆ ಸ್ಕ್ರೂಡ್ರೈವರ್ ಮೊನೆ ಒತ್ತಿ. ಗಟ್ಟಿ ಸಾಗವಾನಿ ಆದರೆ ಮೊನೆ ಜಾರುತ್ತದೆ, ಬರೀ ಗೀರು ಬೀಳುತ್ತದೆ. ಕೊಳೆತಿದ್ದರೆ ಅರ್ಧ ಇಂಚು ಸಲೀಸಾಗಿ ಇಳಿಯುತ್ತದೆ, ತೆಗೆದಾಗ ಕಂದು ಪುಡಿ ಬೀಳುತ್ತದೆ. ಆಮೇಲೆ ಸುತ್ತಿಗೆಯ ಹಿಡಿಯಿಂದ ತುದಿಯಿಂದ ನಡುವಿನ ತನಕ ತಟ್ಟುತ್ತ ಹೋಗಿ. ದನಿ ಠಣ್ ಅಂತ ಇದ್ದದ್ದು ದಬ್ ಅಂತ ಆದ ಕಡೆ ಸುಣ್ಣದ ಗುರುತು ಹಾಕಿ. ಒಳಗೆ ಗೆದ್ದಲು ತಿಂದು ಟೊಳ್ಳು ಮಾಡಿದ ಜಾಗ ಅದು. ಹೀಗೆ ಎಷ್ಟು ತೊಲೆ, ಎಷ್ಟು ಜಂತಿ ಬದಲಾಯಿಸಬೇಕು ಅಂತ ಎಣಿಸಿ ಬಡಿಗೇರರಿಂದ ಅಂದಾಜು ಬರೆಸಿಕೊಳ್ಳಿ. ಬೆಲೆ ಮಾತಾಡುವಾಗ ಈ ಕಾಗದ ಬಹಳ ಕೆಲಸಕ್ಕೆ ಬರುತ್ತದೆ.

ಬಿರುಕು ಕಂಡರೆ ಹೆದರಬೇಡಿ, ಅದು ಬೆಳೆಯುತ್ತಿದೆಯಾ ನೋಡಿ. ಬಿರುಕಿನ ಅಡ್ಡಕ್ಕೆ ತೆಳು ಕಾಗದದ ಪಟ್ಟಿ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಖು ಬರೆಯಿರಿ. ತಿಂಗಳ ಮೇಲೆ ಬಂದಾಗ ಕಾಗದ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಹುಬ್ಬಳ್ಳಿಯ ಬಹಳ ಕಡೆ ಬುನಾದಿ ಎರೆಮಣ್ಣಿನಲ್ಲಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದಕ್ಕೆ ಮೇ ತಿಂಗಳಲ್ಲಿ ನೋಡಿದ ಮನೆಯನ್ನು ಆಗಸ್ಟಿನಲ್ಲೂ ಒಮ್ಮೆ ನೋಡಬೇಕು. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆ ಬಿದ್ದವು. ಆ ಮಳೆಯಲ್ಲಿ ಈ ಮನೆಗೆ ಏನಾಯಿತು ಅಂತ ಪಕ್ಕದವರನ್ನು ಕೇಳಿ.

ಪಡಸಾಲಿಯ ನೆಲವನ್ನೂ ತಟ್ಟಿ ನೋಡಿ. ಕಾಳು ಇಡುವ ಹಗೇವು (ನೆಲದೊಳಗಿನ ಕಣಜ) ಅಥವಾ ಮುಚ್ಚಿದ ಬಾವಿ ಕೆಳಗೆ ಇರಬಹುದು. ಮೇಲೆ ಫರ್ಸಿ ಹಾಸಿ ಮರೆತಿರುತ್ತಾರೆ.

ಈಗ ಎಲ್ಲರೂ ಮಾಡುವ ತಪ್ಪು. ಗೋಡೆ ಉದುರುತ್ತಿದೆ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ನಾನೂ ನಮ್ಮ ಮನೆಯ ಬಚ್ಚಲ ಗೋಡೆಗೆ ಮಾಡಿಸಿದ್ದೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮೇಲೆ ಏರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟ್ ಹೊಪ್ಪಳೆಯಾಗಿ ಎದ್ದು ಬಂತು, ಒಳಗಿನ ಮಣ್ಣು ರೊಜ್ಜಾಗಿತ್ತು. ಅದನ್ನೆಲ್ಲ ಕಿತ್ತು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಹಾಕಿಸಬೇಕಾಯಿತು. ಮಾಳಿಗೆಯ ಮೇಲೆ ಸಿಮೆಂಟ್ ಹಾಸುವುದೂ ಇಂಥದ್ದೇ ತಪ್ಪು, ಭಾರವೂ ಹೆಚ್ಚುತ್ತದೆ. ನೀವು ನೋಡುವ ಮನೆಗೆ ಹೊಸದಾಗಿ ಸಿಮೆಂಟ್ ಬಳಿದು ಬಣ್ಣ ಹೊಡೆದಿದ್ದರೆ ಹೆಚ್ಚು ಅನುಮಾನ ಪಡಿ. ಗೋಡೆಯ ಬುಡದಲ್ಲಿ, ಕಪಾಟಿನ ಹಿಂದೆ ಕೈ ಇಟ್ಟು ನೋಡಿ.

ಹಂತ 6: ಸಾಮಾಯಿಕ ಗೋಡೆ, ಸಂದಿ, ಗಟಾರ

ಸಾಮಾಯಿಕ ಅಂದರೆ ಇಬ್ಬರಿಗೂ ಸೇರಿದ್ದು. ಎರಡು ಮನೆಯ ನಡುವಿನ ಗೋಡೆ ಒಂದೇ ಇದ್ದರೆ ಅದು ಯಾರದ್ದು ಅಂತ ಹಳೇ ಖರೀದಿ ಪತ್ರದ ಚಕಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರ) ಬರೆದಿರುತ್ತದೆ. ಪಕ್ಕದವರ ಪತ್ರದಲ್ಲಿ ಏನಿದೆ ಅಂತಲೂ ಕೇಳಿ. ಅವರ ತೊಲೆಯ ತುದಿ ಅದೇ ಗೋಡೆಯ ಮೇಲೆ ಕೂತಿದ್ದರೆ, ನೀವು ಗೋಡೆ ಕೆಡವಿದ ದಿನ ಅವರ ಮಾಳಿಗೆ ಕೆಳಗೆ ಬರುತ್ತದೆ.

ಹಿಂದಿನ ಮನೆಯವರು ನಿಮ್ಮ ಸಂದಿಯಲ್ಲಿ ಹಾಯ್ದು ಹೋಗುತ್ತಿದ್ದರೆ ಅದನ್ನು ಮುಚ್ಚುವ ಆಸೆ ಇಟ್ಟುಕೊಳ್ಳಬೇಡಿ. ಇಪ್ಪತ್ತು ವರ್ಷ ಅಡೆತಡೆ ಇಲ್ಲದೆ ಹಕ್ಕಿನಿಂದ ಬಳಸಿದ ದಾರಿ, ಬೆಳಕು, ಗಾಳಿಗೆ ಕಾನೂನಿನ ರಕ್ಷಣೆ ಇದೆ. ಬಚ್ಚಲ ನೀರು ಎಲ್ಲಿ ಹೋಗುತ್ತದೆ ಅನ್ನುವುದನ್ನು ಬಾಯಿಮಾತಿನಲ್ಲಿ ತಿಳಿಯಬೇಡಿ. ಒಂದು ಬಕೆಟ್ ನೀರಿಗೆ ಸ್ವಲ್ಪ ಅರಿಶಿನ ಹಾಕಿ ಬಚ್ಚಲಿಗೆ ಸುರಿಯಿರಿ. ಅದು ಯಾರ ಗಟಾರದಲ್ಲಿ, ಯಾರ ಚೇಂಬರಿನಲ್ಲಿ ಕಾಣುತ್ತದೆ ನೋಡಿ. ಬೇರೆಯವರ ಹಿತ್ತಲಲ್ಲಿ ಕಂಡರೆ ಆ ಜಗಳವೂ ನಿಮ್ಮ ಖರೀದಿಯಲ್ಲೇ ಸೇರಿದೆ.

ಹಂತ 7: ಕೆಡವಿ ಕಟ್ಟುವ ವಿಚಾರ ಇದ್ದರೆ

ಕೊಳ್ಳುವ ಮೊದಲೇ ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ ಎರಡು ಕೇಳಿ. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಈ ಓಣಿಯ ರಸ್ತೆ ಎಷ್ಟು ಅಗಲ ಅಂತ ತೋರಿಸಿದ್ದಾರೆ? ಸುತ್ತ ಎಷ್ಟು ಜಾಗ ಬಿಡಬೇಕು? ಮೇಲೆ ಹೇಳಿದ 675 ಚದರ ಫೂಟಿನಲ್ಲಿ ಮುಂದೆ ರಸ್ತೆಗೆ, ಸುತ್ತ ಗಾಳಿಗೆ ಜಾಗ ಬಿಟ್ಟರೆ ಉಳಿಯುವುದು ಎರಡು ಖೋಲಿ. ಇದ್ದ ಮನೆಯನ್ನೇ ರಿಪೇರಿ ಮಾಡಿಕೊಂಡರೆ ಇಡೀ ಜಾಗ ನಿಮ್ಮದಾಗಿ ಉಳಿಯುತ್ತದೆ. ಅದಕ್ಕೇ ನಾನು ಆದಷ್ಟು ರಿಪೇರಿಯ ಪರ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತ ಕೊಳ್ಳುವವರಿಗೆ ಬೇರೆ ಎಚ್ಚರಿಕೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಗದಗಿನ ತ್ರಿಕೂಟೇಶ್ವರ, ಹಾವೇರಿಯ ಸಿದ್ಧೇಶ್ವರ ಗುಡಿಯ ಆಸುಪಾಸಿಗೂ ಇದೇ ನಿಯಮ.

ಹಂತ 8: ಸಂಚಕಾರ, ಸಾಲ, ಖರೀದಿ

ಸಾಲ ಬೇಕಿದ್ದರೆ ಸಂಚಕಾರಕ್ಕೆ ಮೊದಲೇ ಬ್ಯಾಂಕಿಗೆ ಹೋಗಿ. ಮಣ್ಣಿನ ಮನೆಗೆ ಎಷ್ಟೋ ಬ್ಯಾಂಕುಗಳು ಹಿಂದೆ ಸರಿಯುತ್ತವೆ, ಕಟ್ಟಡಕ್ಕೆ ಬೆಲೆಯನ್ನೇ ಕಟ್ಟದೆ ಜಾಗದ ಮೇಲಷ್ಟೇ ಲೆಕ್ಕ ಹಾಕುವುದೂ ಉಂಟು.

ಸಂಚಕಾರ ಪತ್ರವನ್ನು ನೋಂದಣಿ ಮಾಡಿಸಿ. ಅದರಲ್ಲಿ ಈ ಮಾತುಗಳು ಇರಲಿ: ಯಾವ ವಾರಸುದಾರರು ಸಹಿ ಹಾಕುತ್ತಾರೆ, ಯಾವ ಬೋಜಾ ತೀರಿಸುತ್ತಾರೆ, ಯಾವ ತಾರೀಖಿನೊಳಗೆ, ಆಗದಿದ್ದರೆ ಹಣ ಯಾವಾಗ ವಾಪಸ್. ಕಬ್ಜಾ ಈಗಲೇ ಕೊಟ್ಟಿದ್ದೇವೆ ಅಂತ ಬರೆಸಬೇಡಿ, ಹಾಗೆ ಬರೆದರೆ ಖರೀದಿಯಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಹಣವನ್ನು ಬ್ಯಾಂಕಿನಿಂದಲೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

ಖರ್ಚಿನ ಲೆಕ್ಕ ಹೀಗೆ. ಮಾರ್ಗಸೂಚಿ ಬೆಲೆ (ಸರ್ಕಾರ ಆ ಓಣಿಗೆ ಗೊತ್ತುಪಡಿಸಿದ ದರ) ಮತ್ತು ನೀವು ಕೊಡುವ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. 40 ಲಕ್ಷದ ಮನೆ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 2,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ 20,000, ಶೇ. 2 ಸರ್‌ಚಾರ್ಜ್ 4,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ, ಅಂದರೆ 80,000. ಒಟ್ಟು 3,04,000. ಹಳೇ ಲೆಕ್ಕ ಹೇಳುವ ದಲ್ಲಾಳಿಗಳು ಇನ್ನೂ ಇದ್ದಾರೆ, ನೋಡಿಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಹಿಡಿದು ಆದಾಯ ತೆರಿಗೆಗೆ ಕಟ್ಟುವುದು ಕೊಳ್ಳುವವರ ಹೊಣೆ.

ಖರೀದಿಯ ಹಿಂದಿನ ದಿನ ಇಸಿಯನ್ನು ಇನ್ನೊಮ್ಮೆ ತೆಗೆಸಿ. ಮೊದಲ ಇಸಿ ತೆಗೆಸಿ ಮೂರು ತಿಂಗಳಾಗಿದ್ದರೆ ಆ ಮೂರು ತಿಂಗಳಲ್ಲಿ ಏನಾಗಿದೆಯೋ ಯಾರಿಗೆ ಗೊತ್ತು.

ಹಂತ 9: ಕೀಲಿ ಸಿಕ್ಕ ಮೇಲೆ

ಸಿಟಿಎಸ್ ಉತಾರ, ಪಾಲಿಕೆ ಖಾತಾ, ಹೆಸ್ಕಾಂ ಮೀಟರ್, ನಳದ ಜೋಡಣೆ, ನಾಲ್ಕಕ್ಕೂ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಬಹಳ ಜನ ಖಾತಾ ಆದ ಮೇಲೆ ಉತಾರ ಮರೆಯುತ್ತಾರೆ. ಹತ್ತು ವರ್ಷದ ಮೇಲೆ ಮಾರಲು ಹೊರಟಾಗ ಹಳೇ ಮಾಲೀಕರ ಹೆಸರೇ ಇರುತ್ತದೆ. ಮನೆಯ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ.

ಕೆಲಸ ಶುರು ಮಾಡುವ ಮೊದಲು ಎರಡೂ ಬದಿಯ ಮನೆಯವರನ್ನು ಕರೆದು, ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೊವನ್ನು ಅವರ ಎದುರಿಗೇ ತೆಗೆದುಕೊಳ್ಳಿ. ಅವರಿಗೂ ಕಳಿಸಿ. ಆಮೇಲೆ "ನೀವು ಬಡಿದದ್ದಕ್ಕೇ ಬಿರುಕು ಬಿಟ್ಟಿತು" ಅನ್ನುವ ಮಾತಿಗೆ ಜಾಗ ಉಳಿಯುವುದಿಲ್ಲ. ಉಸುಕು ಎಲ್ಲಿ ಸುರಿಯುತ್ತೀರಿ, ಎಷ್ಟು ದಿನ ಅಂತ ಓಣಿಯವರಿಗೆ ಮುಂಚೆಯೇ ಹೇಳಿ.

ದೊಡ್ಡ ರಿಪೇರಿಗೆ ಕೂಡಲೇ ಕೈ ಹಾಕಬೇಡಿ. ತೊಲೆ ಬೀಳುವಂತಿದ್ದರೆ ಅದೊಂದನ್ನು ಮಾಡಿಸಿ, ಉಳಿದದ್ದಕ್ಕೆ ಒಂದು ಮಳೆಗಾಲ ಕಾಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಿ ಸೋರಿತು, ಯಾವ ಗೋಡೆಗೆ ತೇವ ಎಷ್ಟು ಎತ್ತರ ಏರಿತು, ಯಾವ ಮೂಲೆಯಲ್ಲಿ ನೀರು ನಿಂತಿತು ಅಂತ ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಗೀಟು ಎಳೆದು ತಾರೀಖು ಬರೆಯಿರಿ. ಅಕ್ಟೋಬರಿನಲ್ಲಿ ಗೌಂಡಿ ಬಂದಾಗ ಆ ಗೀಟುಗಳನ್ನು ತೋರಿಸಿ, ಅಲ್ಲಿಂದ ಕೆಲಸ ಶುರು ಮಾಡಿಸಿ.